ಬಾಲ್ಯವಿವಾಹ ತಡೆದ ಅಂಗನವಾಡಿ ಕಾರ್ಯಕರ್ತೆಗೆ ಬೆದರಿಕೆ ಬಂದರೆ ಏನು ಮಾಡಬೇಕು?

ನಿಮ್ಮ ತಂಗಿ ಕೊಟ್ಟ ಮಾಹಿತಿಯಿಂದ ಊರಿನಲ್ಲಿ ಒಂದು ಮದುವೆ ನಿಂತಿದೆ. ಈಗ ಹುಡುಗಿಯ ಚಿಕ್ಕಪ್ಪ ಅಂಗನವಾಡಿ ಬಾಗಿಲಿಗೇ ಬಂದು ಬೆದರಿಸಿ ಹೋಗಿದ್ದಾನೆ. ಪೊಲೀಸರಿಗೆ ದೂರು ಕೊಟ್ಟರೆ ಊರಿನವರ ಜೊತೆ ಇನ್ನಷ್ಟು ಕೆಡುತ್ತದೆಯೇ ಎಂದು ಕೇಳಿದ್ದೀರಿ. ನಾನು ಅಂಗನವಾಡಿ ಮೇಲ್ವಿಚಾರಕಿಯಾಗಿದ್ದು ನಿವೃತ್ತಳಾದವಳು. ದೂರು ಕೊಡಲೇಬೇಕು, ಆದರೆ ಅದು ನಿಮ್ಮ ಮನೆಯ ಜಗಳವಾಗಬಾರದು, ಇಲಾಖೆಯ ದೂರಾಗಬೇಕು.

ಕಾರಣವಿದೆ. ಕಾರ್ಯಕರ್ತೆಗೆ ಸಿಗುವುದು ಗೌರವಧನ. ಅದು ಸರ್ಕಾರಿ ಹುದ್ದೆಯಲ್ಲ ಎಂದು 2006ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಕರ್ನಾಟಕದ್ದೇ ಪ್ರಕರಣದಲ್ಲಿ. ಠಾಣೆಯಲ್ಲಿ 'ನೀವೇನು ಸರ್ಕಾರಿ ನೌಕರರಾ?' ಎಂಬ ಪ್ರಶ್ನೆ ಬಂದರೆ ಆಶ್ಚರ್ಯಪಡಬೇಡಿ. ಆದರೆ ಬಾಲ್ಯವಿವಾಹ ನಿಷೇಧಾಧಿಕಾರಿಗಳು 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯ 17ನೇ ಕಲಂ ಪ್ರಕಾರ ಸಾರ್ವಜನಿಕ ನೌಕರರು. ಅವರಲ್ಲೊಬ್ಬರಾದ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಸಹಿಯೊಂದಿಗೆ ಹೋದ ಪತ್ರಕ್ಕೆ ಆ ಬಲವಿರುತ್ತದೆ.

ಹಾಗಾಗಿ ಮೊದಲು ತಂಗಿ ನಡೆದದ್ದನ್ನು ದಿನಾಂಕ, ಸಮಯ, ಕೇಳಿಸಿಕೊಂಡವರ ಹೆಸರು ಸಮೇತ ಬರೆದು ಸಿಡಿಪಿಒ ಕಚೇರಿಗೆ ಕೊಟ್ಟು, ತನ್ನ ಪ್ರತಿಯ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಲಿ. ಬೈಗುಳವನ್ನು ಆಡಿದಂತೆಯೇ ಬರೆಯಬೇಕು. ನಮ್ಮ ಹೆಣ್ಣುಮಕ್ಕಳು ಸಂಕೋಚಪಟ್ಟು 'ಅವಾಚ್ಯ ಶಬ್ದಗಳಿಂದ ನಿಂದಿಸಿದರು' ಎಂದು ಮುಗಿಸಿಬಿಡುತ್ತಾರೆ. 'ಕಾಲು ಮುರಿಯುತ್ತೇನೆ' ಎಂದದ್ದು ಅದರಡಿಯಲ್ಲಿ ಮುಚ್ಚಿಹೋಗುತ್ತದೆ. ಬೆದರಿಕೆಯನ್ನು ಅಪರಾಧವೆನ್ನುವ ಭಾರತೀಯ ನ್ಯಾಯ ಸಂಹಿತೆಯ 351ನೇ ಕಲಂಗೆ ಬೇಕಿರುವುದು ಆ ಮಾತೇ. ಠಾಣೆಯವರು ದೂರು ತೆಗೆದುಕೊಳ್ಳದಿದ್ದರೆ ಅಂಚೆಯಲ್ಲಿ ಎಸ್ಪಿಯವರಿಗೆ ಕಳುಹಿಸಬಹುದು. ಅವನು ಮತ್ತೆ ಬಾಗಿಲಿಗೆ ಬಂದರೆ ವಾದಕ್ಕೆ ನಿಲ್ಲದೆ 112ಕ್ಕೆ ಕರೆ ಮಾಡಲಿ.

ನನಗೆ ಸಿಟ್ಟು ಬರುವುದು ಮುಚ್ಚಳಿಕೆಯ ವಿಷಯದಲ್ಲಿ. ಅಧಿಕಾರಿಗಳು ಜೀಪಿನಲ್ಲಿ ಬಂದು, ಚಪ್ಪರದ ಕೆಳಗೇ ಹೆತ್ತವರಿಂದ ಮುಚ್ಚಳಿಕೆ ಬರೆಸಿಕೊಂಡು, ಸಾಕ್ಷಿಗೆಂದು ಊರವರೆದುರೇ ಕಾರ್ಯಕರ್ತೆಯಿಂದ ಸಹಿ ಹಾಕಿಸುತ್ತಾರೆ. ಸಂಜೆಗೆ ಜೀಪು ಹೊರಟುಹೋಗುತ್ತದೆ, ಅವಳು ಅದೇ ಬೀದಿಯಲ್ಲಿ ಉಳಿಯುತ್ತಾಳೆ. ಸಾಕ್ಷಿಗೆ ಪೊಲೀಸರಿಲ್ಲವೇ, ಪಿಡಿಒ ಇಲ್ಲವೇ? ಮುಂದಿನ ಸಲ ಅವಳು ಸಹಿ ಹಾಕಬೇಕಿಲ್ಲ, ಸ್ಥಳಕ್ಕೆ ಹೋಗಬೇಕೆಂದೂ ಇಲ್ಲ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ ಹೆಸರು ಗೌಪ್ಯವಾಗಿಡಿ ಎಂದರೆ ಸಾಕು.

ಇದು ಅತಿಯಾಯಿತು ಎನ್ನುವವರಿಗೆ ನಾನು ರಾಜಸ್ಥಾನದ ಭಂವರಿ ದೇವಿಯ ಹೆಸರು ಹೇಳುತ್ತೇನೆ. ಸರ್ಕಾರದ ಮಹಿಳಾ ಯೋಜನೆಯಲ್ಲಿ 'ಸಾಥಿನ್' (ಗ್ರಾಮ ಮಟ್ಟದ ಕಾರ್ಯಕರ್ತೆ) ಆಗಿದ್ದ ಆಕೆ ಭಟೇರಿಯಲ್ಲಿ ಮಗುವೊಂದರ ಮದುವೆ ತಡೆಯಲು ಹೋದದ್ದಕ್ಕೆ 1992ರಲ್ಲಿ ಸಾಮೂಹಿಕ ಅತ್ಯಾಚಾರಕ್ಕೆ ಗುರಿಯಾದರು. 1995ರಲ್ಲಿ ವಿಚಾರಣಾ ನ್ಯಾಯಾಲಯ ಆರೋಪಿಗಳನ್ನು ಅತ್ಯಾಚಾರದ ಆರೋಪದಿಂದ ಖುಲಾಸೆ ಮಾಡಿತು. ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ ಬಗ್ಗೆ ಸುಪ್ರೀಂ ಕೋರ್ಟ್ ಕೊಟ್ಟ 1997ರ ವಿಶಾಖಾ ತೀರ್ಪು ಹುಟ್ಟಿದ್ದು ಈ ಘಟನೆಯಿಂದ. ಕೆಲಸಕ್ಕೆ ಕಳುಹಿಸಿದ ಸರ್ಕಾರ ಆಕೆಯ ಬೆನ್ನಿಗಿರಲಿಲ್ಲ.

ಸದ್ಯಕ್ಕೆ ಆ ಬೀದಿಯ ಮನೆಭೇಟಿಗೆ ತಂಗಿ ಒಬ್ಬಳೇ ಹೋಗುವುದು ಬೇಡ, ಸಹಾಯಕಿಯನ್ನೋ ಆಶಾ ಕಾರ್ಯಕರ್ತೆಯನ್ನೋ ಜೊತೆಗೆ ಕರೆದುಕೊಳ್ಳಲಿ. ಆ ಮನೆಯ ಮಗು ಅಂಗನವಾಡಿಗೆ ಬರುತ್ತಿದ್ದರೆ ಅದರ ಮೊಟ್ಟೆ, ಹಾಲು ಒಂದು ದಿನವೂ ತಪ್ಪಬಾರದು, ಪುಸ್ತಕದಲ್ಲಿ ದಾಖಲಾಗಿಯೂ ಇರಬೇಕು. ಇಂಥವರು ಕಾರ್ಯಕರ್ತೆಯ ಮೇಲೆ ಮರುದೂರು ಹಾಕಲು ಮೊದಲು ಹುಡುಕುವುದು ಆ ಪುಸ್ತಕವನ್ನೇ.