ಸುಮ್ನೆ ಕೂತರೆ ಒಪ್ಪಿಗೆ ಅಂತಲೇ ಲೆಕ್ಕ

ತಮ್ಮಾ, ನಿನ್ನ ಪ್ರಶ್ನೆ ಓದಿದೆ. ಕುಮಟೆಯಿಂದ ಜರ್ಮನಿಯ ಸ್ಟುಟ್‌ಗಾರ್ಟಿಗೆ ಹೋಗಿ 3 ವಾರ ಆಗಿದೆ, ಮ್ಯಾನೇಜರ್ ಹೇಳಿದ ತಾರೀಕಿಗೆ ಟೆಸ್ಟಿಂಗ್ ಮುಗಿಯಲ್ಲ ಅಂತ ನಿನಗೆ ಗೊತ್ತು, ಆದರೆ ಎಲ್ಲರ ಎದುರು ಹಾಗೆ ಹೇಳಿದರೆ ಕೆಲಸಕ್ಕೆ, ವೀಸಾಕ್ಕೆ ತೊಂದರೆ ಆಗುತ್ತಾ ಅಂತ ಕೇಳಿದ್ದೀಯ. ನಾನು ಅದೇ ಊರಲ್ಲಿ 14 ವರ್ಷದಿಂದ ಇದ್ದೇನೆ. ಈಗ ರಜೆಗೆ ಶಿರಸಿ ಹತ್ತಿರದ ನಮ್ಮ ಮನೆಗೆ ಬಂದಿದ್ದೇನೆ, ಜಗಲಿ ಮೇಲೆ ಕೂತು ಬರೆಯುತ್ತಿದ್ದೇನೆ. ಹೇಳು. ಗುರುವಾರದ ಮೀಟಿಂಗಿನಲ್ಲೇ ಹೇಳು.

ನನ್ನ ಮೊದಲ ವರ್ಷದ ಕಥೆ ಕೇಳು. ಅದಕ್ಕೂ ಮುಂಚೆ ಬೆಂಗಳೂರಿನಲ್ಲಿ ದುಡಿಯುತ್ತಿದ್ದೆ, ಬಾಸಿಗೆ ಎದುರಾಡಿದವನ ಅಪ್ರೈಸಲ್ ಏನಾಗುತ್ತೆ ಅಂತ ಕಣ್ಣಾರೆ ನೋಡಿದ್ದೆ. ಅದೇ ಭಯ ಹೊತ್ತುಕೊಂಡು ಜರ್ಮನಿಗೆ ಹೋದೆ. ಒಂದು ಮೀಟಿಂಗಿನಲ್ಲಿ ಮ್ಯಾನೇಜರ್ ಒಂದು ತಾರೀಕು ಹೇಳಿ ನನ್ನ ಕಡೆ ನೋಡಿದರು. ಆಗಲ್ಲ ಅಂತ ಗೊತ್ತಿತ್ತು. ತಲೆ ಆಡಿಸಿದೆ. ನಮ್ಮಲ್ಲಿ ಆ ತಲೆ ಆಡಿಸೋದಕ್ಕೆ ‘ನೋಡೋಣ’ ಅಂತಲೂ ಅರ್ಥ ಇದೆ, ‘ಕೇಳಿಸಿತು’ ಅಂತಲೂ ಇದೆ, ಅಲ್ವಾ? ಅಲ್ಲಿ ಅದು ‘ಹೂಂ’ ಅಷ್ಟೇ. ಸಂಜೆ ಪ್ರೊಟೊಕೊಲ್ ಬಂತು, ಮೀಟಿಂಗಿನ ನಡಾವಳಿಗೆ ಅಲ್ಲಿ ಹಾಗನ್ನುತ್ತಾರೆ. ಆ ತಾರೀಕಿನ ಎದುರು ನನ್ನ ಹೆಸರು. ಕೊನೆಗೆ ತಾರೀಕು ತಪ್ಪಿತು. ಮ್ಯಾನೇಜರ್ ನನ್ನನ್ನು ಕರೆದು ಬಾಗಿಲು ಹಾಕಿ ಕೇಳಿದರು: ‘ನಿನಗೆ ಮೊದಲೇ ಗೊತ್ತಿತ್ತಾ?’ ಹೌದು ಅಂದೆ. ‘ಮತ್ತೆ ಯಾಕೆ ಹೇಳಲಿಲ್ಲ?’ ನನ್ನ ಹತ್ತಿರ ಉತ್ತರ ಇರಲಿಲ್ಲ. ಗೊತ್ತಿದ್ದೂ ಬಾಯಿ ಬಿಡದೆ ಕೂತಿದ್ದು ಅವರಿಗೆ ಮೋಸದ ಹಾಗೆ ಕಂಡಿತ್ತು, ಆ ನಂಬಿಕೆ ಮತ್ತೆ ಗಳಿಸೋಕೆ ನನಗೆ ಒಂದು ವರ್ಷ ಹಿಡಿಯಿತು.

ನಿನ್ನ ಭಯ ಪೂರ್ತಿ ಸುಳ್ಳಲ್ಲ. ಕಾಂಟ್ರಾಕ್ಟಿನಲ್ಲಿ ‘ಪ್ರೊಬೆಟ್ಸೈಟ್’ ಅಂತ ಇರುತ್ತೆ ನೋಡು, ಅಂದರೆ ಪ್ರೊಬೇಶನ್ ಅವಧಿ, ಜಾಸ್ತಿ ಅಂದರೆ 6 ತಿಂಗಳು. ಆ ಅವಧಿಯಲ್ಲಿ 2 ವಾರದ ನೋಟಿಸ್ ಕೊಟ್ಟು ನೀನೂ ಬಿಡಬಹುದು, ಅವರೂ ಕಳಿಸಬಹುದು. 6 ತಿಂಗಳು ದಾಟಿದ ಮೇಲೆ, ಕಂಪನಿಯಲ್ಲಿ 10ಕ್ಕಿಂತ ಜಾಸ್ತಿ ಜನ ಇದ್ದರೆ, ತೆಗೆಯೋದಕ್ಕೆ ಕಾನೂನು ಒಪ್ಪುವ ಕಾರಣ ಬೇಕು. ಒಂದು ವೇಳೆ ಕೆಲಸ ಹೋದರೂ ವೀಸಾ ಸಾಮಾನ್ಯವಾಗಿ ಮರುದಿನವೇ ರದ್ದಾಗಲ್ಲ, ಆದರೆ 2 ವಾರದೊಳಗೆ ವಿದೇಶಿಯರ ಕಚೇರಿಗೆ ತಿಳಿಸಬೇಕು.

ನಿಮ್ಮಲ್ಲಿ ‘ಬೆಟ್ರೀಬ್ಸ್‌ರಾಟ್’ ಇದೆಯಾ ವಿಚಾರಿಸು. ಕೆಲಸಗಾರರೇ ಓಟು ಹಾಕಿ ಆರಿಸುವ ಮಂಡಳಿ ಅದು, 5 ಜನ ನೌಕರರಿರುವ ಕಡೆಯೂ ಮಾಡಿಕೊಳ್ಳಬಹುದು. ನೌಕರ ದೂರು ಕೊಟ್ಟರೆ ಅದೇ ಕಾರಣಕ್ಕೆ ಅವನಿಗೆ ತೊಂದರೆ ಕೊಡುವ ಹಾಗಿಲ್ಲ ಅಂತ ಈ ಮಂಡಳಿಗಳ ಬಗ್ಗೆ ಇರುವ 1972ರ ಕಾನೂನಿನಲ್ಲೇ ಇದೆ. ಮಂಡಳಿ ಇರುವ ಕಡೆ ಯಾರನ್ನೇ ತೆಗೆಯಬೇಕಾದರೂ ಮೊದಲು ಅದರ ಮಾತು ಕೇಳಲೇಬೇಕು, ಪ್ರೊಬೆಟ್ಸೈಟಿನಲ್ಲೂ. ಇದು ನನಗೆ ಎಷ್ಟೋ ವರ್ಷ ಗೊತ್ತೇ ಇರಲಿಲ್ಲ.

ಹಾಗಂತ ಬಾಯಿಗೆ ಬಂದದ್ದು ಆಡೋದಲ್ಲ. ಕೆಲಸದ ಬಗ್ಗೆ ಮಾತಾಡು, ಮನುಷ್ಯನ ಬಗ್ಗೆ ಬೇಡ. ಮ್ಯಾನೇಜರನ್ನು ಹೆಸರು ಹಿಡಿದು ಕರೆದರೂ ಕೊನೆಯ ತೀರ್ಮಾನ ಅವರದೇ. ಮೀಟಿಂಗಿನಲ್ಲಿ ಸುಮ್ಮನಿದ್ದು ಆಮೇಲೆ ಕಾಫಿ ಮಷಿನ್ ಹತ್ತಿರ ಗೊಣಗುವವರನ್ನು ಕಂಡರೆ ಯಾರಿಗೂ ಆಗಲ್ಲ.

ಇದು ನಮಗೆ ಬಾರದ ವಿದ್ಯೆ ಅಂತಲೂ ತಿಳಿಯಬೇಡ. ನಿನ್ನೆ ತೋಟಕ್ಕೆ ಔಷಧಿ ಹೊಡೆಯೋಕೆ ಕೊನೆಗೌಡ, ಅಂದರೆ ಅಡಿಕೆ ಮರ ಹತ್ತುವವನು, ಬಂದಿದ್ದ. ಕೊಳೆ ರೋಗ ಶುರುವಾದೀತು ಅಂತ ಅಪ್ಪನಿಗೆ ಗಡಿಬಿಡಿ, ಮೈಲುತುತ್ತ, ಸುಣ್ಣ ಕಲಸಿ ಬೋರ್ಡೊ ದ್ರಾವಣ ರೆಡಿ ಆಗಿತ್ತು. ಅವನು ಅಡಿಕೆ ಮರಕ್ಕೆ ಅಂಗೈ ಇಟ್ಟು ಒಂದು ಸಲ ಒರೆಸಿ ನೋಡಿದ. ‘ಹೆಗಡೇರೆ, ಇವತ್ತು ಆಗೂದಿಲ್ಲ, ಮರ ಜಾರ್ತದೆ’ ಅಂದ. ಕಲಸಿದ ಔಷಧಿ ದಂಡ. ಅಪ್ಪ ಒಂದು ಮಾತೂ ಆಡದೆ ಅವನಿಗೆ ಚಾ ಕೊಡಿಸಿದ. ಅವನು ಎದುರಾಡಿದ ಅಂತ ಮನೆಯಲ್ಲಿ ಯಾರಿಗೂ ಅನ್ನಿಸಲಿಲ್ಲ, ಹತ್ತುವವನು ಅವನೇ ತಾನೇ?

ಗುರುವಾರ ನೀನೂ ಅಷ್ಟೇ ನೇರವಾಗಿ ಹೇಳು. ‘ಇಷ್ ಝೇಯೆ ದಾ ಐನ್ ಪ್ರೊಬ್ಲೇಮ್’, ಅಂದರೆ ನನಗೆ ಇಲ್ಲೊಂದು ತೊಂದರೆ ಕಾಣುತ್ತಿದೆ. ಕಾರಣ ಹೇಳು, ಯಾವ ತಾರೀಕಿಗೆ ಆಗುತ್ತೆ ಅಂತಲೂ ಹೇಳು. ಸಂಜೆ ಪ್ರೊಟೊಕೊಲ್ ಬಂದಾಗ ನಿನ್ನ ಮಾತು ಬರೆದಿದ್ದಾರಾ ನೋಡು, ಇಲ್ಲದಿದ್ದರೆ ಅವತ್ತೇ ಮೇಲ್ ಹಾಕು. ಏನಾಯ್ತು ಅಂತ ನನಗೂ ಬರೆ. ಮುಂದಿನ ತಿಂಗಳು ವಾಪಸ್ ಬರುವಾಗ ಅಮ್ಮ ಹಾಕಿದ ಅಪ್ಪೆಮಿಡಿ ಉಪ್ಪಿನಕಾಯಿ ನಿನಗೂ ಒಂದು ಬಾಟಲಿ ತರುತ್ತೇನೆ.