ಎರಡು ವಾರ ಮನೆಯಲ್ಲೇ ಇದ್ದರೆ ಏನು ನೋಡೋದು?

ಕಾಲಿಗೆ ಪ್ಲಾಸ್ಟರ್ ಹಾಕಿದ್ದಾರೆ, ಎರಡು ವಾರ ಮನೆಯಲ್ಲೇ ಇರಬೇಕು, ಬೇಗ ಮುಗಿಯುವ ಸೀರೀಸ್ ಮತ್ತು ಒಳ್ಳೆಯ ಡಾಕ್ಯುಮೆಂಟರಿ ಹೇಳಿ ಅಂತ ಕೇಳಿದ್ದೀರಿ.

ನಾನಾದರೆ 'ಚೆರ್ನೋಬಿಲ್' (2019) ಮೊದಲು ನೋಡಿ ಅಂತೀನಿ. ಐದೇ ಕಂತು. 1986ರಲ್ಲಿ ಆಗಿನ ಸೋವಿಯತ್ ಒಕ್ಕೂಟದಲ್ಲಿ ನಡೆದ ಅಣು ಸ್ಥಾವರ ದುರಂತದ ಕಥೆ. ಸ್ಫೋಟದಲ್ಲಿ ರಿಯಾಕ್ಟರ್ ಒಳಗಿಂದ ಸಿಡಿದು ಚಾವಣಿ ಮೇಲೆ ಬಿದ್ದ, ವಿಕಿರಣ ಸೂಸುವ ಗ್ರಾಫೈಟ್ ಚೂರುಗಳನ್ನು ಸೈನಿಕರು ಸಲಿಕೆಯಲ್ಲಿ ಎತ್ತಿ ಕೆಳಗೆಸೆಯುವ ಒಂದು ದೃಶ್ಯವಿದೆ. ವಿಕಿರಣ ಅಷ್ಟು ಅಪಾಯಕಾರಿ ಆದ್ದರಿಂದ ಒಬ್ಬೊಬ್ಬರಿಗೆ ಸಿಗೋದು 90 ಸೆಕೆಂಡ್ ಮಾತ್ರ. ಕ್ಯಾಮೆರಾ ಒಬ್ಬನ ಬೆನ್ನಿಗೇ ಅಂಟಿಕೊಂಡು ಹೋಗುತ್ತದೆ, ಎಲ್ಲೂ ಕಟ್ ಇಲ್ಲ. ಆ ಹೊತ್ತು ಮುಗಿಯೋದೇ ಇಲ್ಲ ಅನಿಸುತ್ತದೆ. ಆದರೆ ಎಲ್ಲವೂ ನಡೆದದ್ದೇ ಅಂದುಕೊಳ್ಳಬೇಡಿ. ಉಲಾನಾ ಖೊಮ್ಯುಕ್ ಅನ್ನೋ ವಿಜ್ಞಾನಿಯ ಪಾತ್ರ ಕಲ್ಪನೆ, ಹಲವು ವಿಜ್ಞಾನಿಗಳನ್ನು ಸೇರಿಸಿ ಮಾಡಿದ್ದು.

ರಾತ್ರಿ ಮಲಗುವ ಮುಂಚೆ ಮಾತ್ರ ಇದು ಬೇಡ. ಆಗ 'ಪ್ಲಾನೆಟ್ ಅರ್ಥ್ 2' ಅನ್ನೋ ವನ್ಯಜೀವಿ ಡಾಕ್ಯುಮೆಂಟರಿ ಸರಣಿ ಹಾಕಿ. ಅದರ ನಿರೂಪಕ ಡೇವಿಡ್ ಅಟೆನ್‌ಬರೋ ದನಿ ಕೇಳ್ತಾ ಮಲಗಿದರೆ ನೋವು ಅರ್ಧ ಮರೆತುಹೋಗುತ್ತದೆ. ಮೊದಲ ಕಂತಿನಲ್ಲಿ ಆಗತಾನೇ ಹುಟ್ಟಿದ ಇಗ್ವಾನಾ ಮರಿಯನ್ನು ಹಾವುಗಳ ಹಿಂಡೇ ಅಟ್ಟಿಸಿಕೊಂಡು ಬರುತ್ತದೆ. ಹಾಂ, ಅದು ನಿದ್ದೆ ಬರಿಸುವಂಥದ್ದಲ್ಲ, ನಿಜ!

ಒಬ್ಬ ಮನುಷ್ಯನಿಗೂ ಒಂದು ಆಕ್ಟೋಪಸ್‌ಗೂ ಬೆಳೆದ ನಂಟಿನ ಡಾಕ್ಯುಮೆಂಟರಿ 'ಮೈ ಆಕ್ಟೋಪಸ್ ಟೀಚರ್' (2020) ಒಂದೂವರೆ ಗಂಟೆಯೊಳಗೇ ಮುಗಿಯುತ್ತದೆ. ಅದನ್ನು ಸುಮ್ನೆ ಒಬ್ಬರೇ ಕೂತು ನೋಡಿ.