‘ಕೆಟ್ಟ’ ಜೀನ್ ಅಳಿದುಹೋಗಲಿಲ್ಲ ಯಾಕೆ?

ಪ್ರಶ್ನೆ: ತಂಗಿಗೆ ಗಂಡು ನೋಡುತ್ತಿದ್ದೇವೆ. ಹಾಡಿಯಲ್ಲಿ ಮಾಡಿದ ರಕ್ತಪರೀಕ್ಷೆಯಲ್ಲಿ ಅವಳು ‘ಸಿಕಲ್ ಸೆಲ್ ವಾಹಕಿ’ ಎಂದು ಬಂತು. ಅವಳು ಚೆನ್ನಾಗಿಯೇ ಇದ್ದಾಳೆ. ಪಿಯುಸಿ ಓದುವ ತಮ್ಮ ಜೀನ್, ಅಲೀಲ್, ಪ್ರಬಲ, ದುರ್ಬಲ ಅಂತ ಏನೇನೋ ಹೇಳುತ್ತಾನೆ. ವಿಕಾಸದಲ್ಲಿ ಕೆಟ್ಟದ್ದು ಅಳಿದುಹೋಗಬೇಕಲ್ವಾ? ಇದು ಹೇಗೆ ಉಳಿಯಿತು?
– ಓದುಗರೊಬ್ಬರು, ಎಚ್.ಡಿ. ಕೋಟೆ ತಾಲ್ಲೂಕು

ಉತ್ತರ: ನಿಮ್ಮ ತಂಗಿ ರೋಗಿಯಲ್ಲ. ಇದನ್ನು ಮೊದಲು ಮನೆಯವರಿಗೆಲ್ಲ ಹೇಳಿಬಿಡಿ. ವಾಹಕರು ಸಾಮಾನ್ಯವಾಗಿ ಎಲ್ಲರಂತೆ ಆರೋಗ್ಯವಾಗಿರುತ್ತಾರೆ.

ಇನ್ನು ನಿಮ್ಮ ತಮ್ಮನ ಪಾಠ. ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್‌ನಲ್ಲಿ ಬೀಟಾ ಗ್ಲೋಬಿನ್ ಎಂಬ ಭಾಗವಿದೆ. ಅದನ್ನು ಕಟ್ಟುವ ಮಾಹಿತಿ ಜೀವಕೋಶದೊಳಗಿನ 11ನೇ ಕ್ರೋಮೋಸೋಮ್ ಎಂಬ ಡಿಎನ್‌ಎ ಎಳೆಯಲ್ಲಿದೆ. ಆ ಮಾಹಿತಿಯ ತುಣುಕೇ ಜೀನ್. ಅದು ನನಗೂ ಇದೆ, ನಿಮಗೂ ಇದೆ; ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಅದರ ಬೇರೆ ಬೇರೆ ರೂಪಗಳೇ ಅಲೀಲ್‌ಗಳು. ಸಾಮಾನ್ಯ ರೂಪ ‘ಎ’, ಇನ್ನೊಂದು ‘ಎಸ್’. ಎರಡರ ನಡುವೆ ಡಿಎನ್‌ಎಯ ಒಂದೇ ಒಂದು ಅಕ್ಷರ ವ್ಯತ್ಯಾಸ. ಈ ಬದಲಾವಣೆಗೆ ಮ್ಯುಟೇಷನ್ ಎನ್ನುತ್ತೇವೆ. ಇದರಿಂದ ಬೀಟಾ ಗ್ಲೋಬಿನ್‌ನ 146 ಅಮೈನೋ ಆಮ್ಲಗಳ ಸರಪಳಿಯಲ್ಲಿ 6ನೆಯದು ಮಾತ್ರ ಬೇರೆಯಾಗುತ್ತದೆ. ಅಷ್ಟಕ್ಕೇ, ಅಪ್ಪ ಅಮ್ಮ ಇಬ್ಬರಿಂದಲೂ ಎಸ್ ಬಂದವರಲ್ಲಿ ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗುತ್ತವೆ. 120 ದಿನ ಬಾಳಬೇಕಾದ ಕಣ 10ರಿಂದ 20 ದಿನಕ್ಕೇ ಸಾಯುತ್ತದೆ. ಸಣ್ಣ ರಕ್ತನಾಳಗಳು ಕಟ್ಟಿಕೊಂಡು ಜೀವ ಹಿಂಡುವ ನೋವು ಬರುತ್ತದೆ. ಇದೇ ಸಿಕಲ್ ಸೆಲ್ ಕಾಯಿಲೆ.

ನಿಮ್ಮ ತಂಗಿಯಲ್ಲಿ ಒಂದು ಎ, ಒಂದು ಎಸ್. ಅದಕ್ಕೇ ಅವಳು ವಾಹಕಿ. ಕಾಯಿಲೆಯ ಲೆಕ್ಕದಲ್ಲಿ ಎಸ್ ದುರ್ಬಲ, ಒಂದೇ ಇದ್ದರೆ ರೋಗ ಬರುವುದಿಲ್ಲ. ಹಾಗಂತ ಅದು ಸುಮ್ನೆ ಕೂತಿಲ್ಲ. ಅವಳ ರಕ್ತದಲ್ಲಿ ಎರಡೂ ಬಗೆಯ ಹಿಮೋಗ್ಲೋಬಿನ್ ತಯಾರಾಗುತ್ತಿದೆ. ಪರೀಕ್ಷೆಯಲ್ಲಿ ಸಿಕ್ಕಿದ್ದು ಅದೇ.

ನಿಮ್ಮ ಕೊನೆಯ ಪ್ರಶ್ನೆ ನನಗೆ ತುಂಬಾ ಇಷ್ಟವಾಯಿತು. ಆಂಥೊನಿ ಆಲಿಸನ್ ಎಂಬ ವೈದ್ಯರು ಪೂರ್ವ ಆಫ್ರಿಕಾದಲ್ಲಿ ಇದೇ ಪ್ರಶ್ನೆಯ ಬೆನ್ನು ಹತ್ತಿದ್ದರು. ಕರಾವಳಿಯಲ್ಲಿ, ವಿಕ್ಟೋರಿಯಾ ಸರೋವರದ ಸುತ್ತ ವಾಹಕರು ಜಾಸ್ತಿ. ಕೀನ್ಯಾದ ತಂಪು ಎತ್ತರದ ನಾಡಿನಲ್ಲಿ ಕಡಿಮೆ. ಮಲೇರಿಯಾ ಹರಡಿದ್ದೂ ಹಾಗೆಯೇ! ಒಂದು ಎಸ್ ಇರುವ ಮಕ್ಕಳಿಗೆ ಮಾರಕ ಮಲೇರಿಯಾದಿಂದ ರಕ್ಷಣೆ ಸಿಗುತ್ತದೆ ಎಂದು ಅವರು 1954ರಲ್ಲಿ ತೋರಿಸಿದರು. ಎರಡು ಎಸ್ ಇದ್ದವರನ್ನು ರಕ್ತಹೀನತೆ ಕೊಲ್ಲುತ್ತಿತ್ತು, ಎರಡು ಎ ಇದ್ದವರಲ್ಲಿ ಹಲವರನ್ನು ಮಲೇರಿಯಾ. ನಡುವಿನವರು ಬದುಕಿ ಮಕ್ಕಳನ್ನು ಪಡೆದರು, ಎಸ್ ಉಳಿಯಿತು. ನೈಸರ್ಗಿಕ ಆಯ್ಕೆ ಅಂದರೆ ಇದೇ. ಆದರೆ ‘ಮಲೇರಿಯಾ ತಡೆಯಲೆಂದು ಮ್ಯುಟೇಷನ್ ಆಯಿತು’ ಎಂದು ಮಾತ್ರ ತಿಳಿಯಬೇಡಿ. ನನ್ನ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಹೀಗೆಯೇ ಬರೆಯುತ್ತಿದ್ದರು. ಮ್ಯುಟೇಷನ್ ಆಕಸ್ಮಿಕ. ಅದು ಉಳಿಯುವುದೋ ಅಳಿಯುವುದೋ ಎಂಬುದು ಆ ಜಾಗದ ಮೇಲೆ ನಿಂತಿದೆ. ಮಲೇರಿಯಾ ಇಲ್ಲದ ಊರಲ್ಲಿ ಎಸ್‌ನಿಂದ ನಷ್ಟವೇ ಹೊರತು ಲಾಭವಿಲ್ಲ.

ನಮ್ಮ ಕಡೆಗೂ ಇದು ಹೊಸದಲ್ಲ. 1952ರಲ್ಲೇ ನೀಲಗಿರಿಯ ಬುಡಕಟ್ಟು ಜನರಲ್ಲಿ ಇದನ್ನು ಗುರುತಿಸಿದ್ದರು. ಪಕ್ಕದ ವಯನಾಡಿನ ಕಾಡು ಒಂದು ಕಾಲಕ್ಕೆ ಮಲೇರಿಯಾಕ್ಕೆ ಕುಖ್ಯಾತ. ಎಸ್ ಅಲೀಲ್‌ನಿಂದ ಯಾವ ಕುಲಕ್ಕೂ ಕಳಂಕವಿಲ್ಲ. ಅದನ್ನು ಹೊತ್ತ ಹಿರಿಯರು ಜ್ವರದಿಂದ ಉಳಿದುಬಂದವರು.

ಮದುವೆ ವಿಷಯ. ವಾಹಕಿ ಎಂಬ ಒಂದೇ ಕಾರಣಕ್ಕೆ ಸಂಬಂಧ ಮುರಿಯುವುದು ಅನ್ಯಾಯ. ಹುಡುಗನ ರಕ್ತವನ್ನೂ ಪರೀಕ್ಷೆ ಮಾಡಿಸಿ. ಅವನದು ಎರಡೂ ಎ ಆಗಿದ್ದರೆ ಮಕ್ಕಳಿಗೆ ಸಿಕಲ್ ಸೆಲ್ ಕಾಯಿಲೆ ಬರುವುದಿಲ್ಲ, ಕೆಲವರು ವಾಹಕರಾಗಬಹುದು ಅಷ್ಟೆ. ಅವನೂ ವಾಹಕನಾಗಿದ್ದರೆ ಪ್ರತಿ ಬಸಿರಿನಲ್ಲೂ ಕಾಯಿಲೆಯ ಸಾಧ್ಯತೆ ಶೇ. 25. ಮೊದಲ ಮಗುವಿಗೆ ಬಂದರೆ ಮುಂದಿನ ಮೂವರು ಪಾರು ಎಂದಲ್ಲ, ಪ್ರತಿ ಸಲವೂ ಲೆಕ್ಕ ಹೊಸದು. ಸೋದರಮಾವ, ಅತ್ತೆಮಗ ಅಂತ ಒಳಗೇ ನೋಡುತ್ತಿದ್ದರೆ ಪರೀಕ್ಷೆ ಬಿಡಲೇಬೇಡಿ, ಒಂದೇ ಅಜ್ಜಿಯ ಎಸ್ ಇಬ್ಬರಿಗೂ ಬಂದಿರಬಹುದು. ಇಬ್ಬರೂ ವಾಹಕರು ಎಂದಾದರೆ ಜಿಲ್ಲಾಸ್ಪತ್ರೆಯ ವೈದ್ಯರ ಜೊತೆ ಕೂತು ಮಾತಾಡಿ. ಆ ಮಾತುಕತೆಯಲ್ಲಿ ತಂಗಿಯೂ ಇರಲಿ.